ಊರಹೆಸರಿನ ಸಾಕ್ಷಿ ಎಷ್ಟು ಗಟ್ಟಿ?

ಮುಧೋಳ, ಜಮಖಂಡಿ, ಬೀಳಗಿಯ ನಮ್ಮ ಭಾಗದಲ್ಲಿ ಯಾವ ಊರಿಗೆ ಹೋದರೂ ಹೆಸರಿಗೊಂದು ಕತೆ ಸಿಗುತ್ತದೆ. ಊರಿನ ಅಭಿಮಾನ ಅಂಥ ಕತೆಗಳಲ್ಲಿದೆ, ಅವನ್ನು ಹೇಳಲಿ, ಕೇಳಲಿ. ಆದರೆ ಅದೇ ಕತೆ ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ ಇತಿಹಾಸವೆಂದು ಅಚ್ಚಾದಾಗ ಅದನ್ನು ಒರೆಗೆ ಹಚ್ಚಲೇಬೇಕು.

ಮುಧೋಳದ ಹೆಸರು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. 993ರಲ್ಲಿ ಅಜಿತಪುರಾಣ ಬರೆದ ಕವಿ ರನ್ನ ತನ್ನ ಊರು ‘ಜಂಬುಖಂಡಿ ಎಪ್ಪತ್ತು’ ಎಂಬ ಆಡಳಿತ ವಿಭಾಗಕ್ಕೆ ಸೇರಿದ ಮುದುವೊಳಲು ಎಂದು ಹೇಳಿಕೊಂಡಿದ್ದಾನೆ. ಮುದು ಎಂದರೆ ಹಳೆಯದು, ಪೊೞಲ್ ಎಂದರೆ ಪಟ್ಟಣ. ಸಮಾಸದಲ್ಲಿ ಪಕಾರ ವಕಾರವಾಗುವುದು ಹಳಗನ್ನಡದ ನಿಯಮ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿಗೆ ಗುರುತಾಗಿ ಹೆಸರಿಸುವ ಕಿಸುವೊಳಲು, ಅಂದರೆ ಇಂದಿನ ಪಟ್ಟದಕಲ್ಲು, ಇದೇ ಅಚ್ಚಿನ ಹೆಸರು. ಮುಧೋಳದ ಕೊನೆಯ ಳಕಾರದಲ್ಲಿ ಆ ಪೊೞಲ್ ಇನ್ನೂ ಉಳಿದಿದೆ. ಮುದ ಎಂದು ಬಿಡಿಸಿ ಸಂತೋಷದ ಊರು ಎಂದರೆ ಕಿವಿಗೆ ಹಿತವಾದೀತು, ಆದರೆ ಹತ್ತನೆಯ ಶತಮಾನದ ಬರಹ ಅದಕ್ಕೆ ಒಪ್ಪುವುದಿಲ್ಲ.

ಜಮಖಂಡಿಯ ತೀರ್ಪು ಅರ್ಧ ಮಾತ್ರ. ರನ್ನನ ಕಾಲಕ್ಕೇ ಜಂಬುಖಂಡಿ ಎಂಬ ರೂಪ ಇತ್ತು, ಇದು ಗಟ್ಟಿ. ಅಲ್ಲಿನ ದೇವರಾದ ಜಂಬುಕೇಶ್ವರನಿಂದ ಊರಿಗೆ ಹೆಸರು ಬಂತು ಎಂಬುದು ಜನಜನಿತ ವಿವರಣೆ. ಆದರೆ ಊರ ಹೆಸರಿನಿಂದ ದೇವರಿಗೆ ಹೆಸರು ಬಂದ ಉದಾಹರಣೆಗಳೂ ನಾಡಿನಲ್ಲಿ ಬೇಕಾದಷ್ಟಿವೆ. ಜಂಬು ಎಂದರೆ ನೇರಳೆ ಮರ. ಇನ್ನು ಖಂಡಿ ಎಂಬುದು ಗುಡ್ಡದ ನಡುವಿನ ಕಂಡಿಯೂ ಆಗಬಹುದು, ಸಂಸ್ಕೃತದ ಖಂಡವೂ ಆಗಬಹುದು. ಎರಡನ್ನೂ ತೆರೆದಿಡುವುದೇ ಪ್ರಾಮಾಣಿಕತೆ.

ಬೀಳಗಿಯಲ್ಲಿ ಇನ್ನೊಂದು ಅಪಾಯವಿದೆ. ಸಿದ್ದಾಪುರ ತಾಲೂಕಿನ ಬಿಳಗಿಗೆ ಶ್ವೇತಪುರ ಎಂಬ ಹೆಸರಿತ್ತು. ಉಚ್ಚಾರ ಹತ್ತಿರವಿದೆಯೆಂದು ಆ ಬಿಳುಪನ್ನು ಕೃಷ್ಣೆಯ ಸೀಮೆಯ ಬೀಳಗಿಗೆ ಬಳಿಯಬಾರದು. ಬನಹಟ್ಟಿ ತೋಪನ್ನೂ ದನದ ಹಟ್ಟಿಯನ್ನೂ ನೆನಪಿಸುವ ತಿಳಿಯಾದ ಕನ್ನಡ. ಜೋಡಿ ಊರಾದ ರಬಕವಿ ಹಾಗಲ್ಲ. ರನ್ನನ ಸೀಮೆಯಲ್ಲಿದೆ ಎಂದು ಅದರ ತುದಿಯ ‘ಕವಿ’ಗೆ ಕಾವ್ಯದ ಕತೆ ಕಟ್ಟುವುದು ಸುಲಭ. ಆದರೆ ಶಾಸನದ ರೂಪ ಮುಂದಿಡದೆ ಅಂಥ ಮಾತು ಆಡಬಾರದು.

ಈ ತೊಡಕು ನಮಗೊಬ್ಬರಿಗೇ ಬಂದದ್ದಲ್ಲ. ಬೈಬಲಿನ ರಾಜ ಸೊಲೊಮೋನನ ಹಡಗುಗಳು ಚಿನ್ನ ತಂದ ಓಫೀರ್ ಎಲ್ಲಿತ್ತು ಎಂದು ಬೈಬಲ್ ಪಂಡಿತರು ಇಂದಿಗೂ ಒಂದಾಗಿಲ್ಲ. ಗ್ರೀಕ್ ಅನುವಾದದ ಸೋಫಿರ್ ರೂಪ ನೋಡಿ ಕೆಲವರು ಮುಂಬೈ ಬಳಿಯ ಸೋಪಾರ ಎಂದರು, ಕೆಲವರು ಅರೇಬಿಯ, ಇನ್ನು ಕೆಲವರು ಆಫ್ರಿಕ ಎಂದರು. ಇಸ್ರೇಲಿನ ಟೆಲ್ ಕಸೀಲೆಯಲ್ಲಿ ಸಿಕ್ಕ ಮಡಕೆಚೂರೊಂದರ ಮೇಲೆ ‘ಓಫೀರದ ಚಿನ್ನ’ ಎಂದಿದೆ. ಹೆಸರು ಬಳಕೆಯಲ್ಲಿತ್ತು ಎನ್ನುವುದಕ್ಕೆ ಅದು ಪ್ರಮಾಣ, ಜಾಗ ಯಾವುದು ಎನ್ನುವುದಕ್ಕಲ್ಲ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಬರೆದ ಮೊದೊಗುಲ್ಲ ಎಂಬ ಊರನ್ನು ಮುದಗಲ್ಲು ಎಂದು ಗುರುತಿಸುವುದುಂಟು. ಬರೀ ದನಿಯ ಹೋಲಿಕೆ ಸಾಕೆಂದರೆ ಮುಧೋಳದವರೂ ಅದರ ಮೇಲೆ ಹಕ್ಕು ಹೂಡಬಹುದು!

ಕನ್ನಡದಲ್ಲಿ ಈ ಅಧ್ಯಯನಕ್ಕೆ ದೊಡ್ಡ ಬಲ ತುಂಬಿದವರು ಗುರ್ಲಹೊಸೂರಿನ ಶಂಬಾ ಜೋಶಿ. ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಅವರು ಊರಹೆಸರನ್ನು ಇತಿಹಾಸದ ಆಕರವಾಗಿ ಓದಲು ಕಲಿಸಿದರು. ಮಹಾರಾಷ್ಟ್ರದೊಳಗೂ ಕನ್ನಡದ ಹೆಜ್ಜೆ ಹುಡುಕಿದ ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ದನಿಯ ಹೋಲಿಕೆಯ ಮೇಲೆ ಅವರು ಕೆಲವೆಡೆ ಹೊರಲಾಗದಷ್ಟು ಭಾರ ಹೇರಿದರು. ಆ ಸಲಿಗೆಯನ್ನು ಅವರ ದುಡಿಮೆ, ವಿದ್ವತ್ತು ಇಲ್ಲದವರು ಅನುಕರಿಸಿದಾಗ ಹುಟ್ಟುವುದು ಬರೀ ಊಹೆ.

ನನ್ನ ತೀರ್ಪು ಇಷ್ಟು: ಹಳೆಯ ಬರಹರೂಪ, ಭಾಷೆಯ ನಿಯಮ ಎರಡೂ ಕೂಡಿದಾಗ, ಹೆಸರು ನೆಲವನ್ನು ಸೂಚಿಸುವುದಾದರೆ ನೆಲದ ಲಕ್ಷಣವೂ ಹೊಂದಿದಾಗ ಮಾತ್ರ ವಿವರಣೆಯನ್ನು ಒಪ್ಪಬೇಕು. ಉಳಿದದ್ದನ್ನು ಐತಿಹ್ಯವೆಂದೇ ದಾಖಲಿಸಬೇಕು. ಈ ಕೆಲಸಕ್ಕೆ ತಡಮಾಡುವಂತಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಬೀಳಗಿ, ಜಮಖಂಡಿ ಭಾಗದ ಹಳ್ಳಿಗಳು ಮುಳುಗಿವೆ. ನೀರಿನ ಮಟ್ಟ 524.256 ಮೀಟರಿಗೆ ಏರಿದರೆ ಇನ್ನಷ್ಟು ನೆಲ ಹೋಗುತ್ತದೆ. ಊರಿನ ಹೆಸರು ಪುನರ್ವಸತಿ ಕೇಂದ್ರಕ್ಕೆ ಜನರೊಡನೆ ಬರುತ್ತದೆ, ಹೊಲ, ಹಳ್ಳ, ದಿಬ್ಬಗಳ ಹೆಸರು ಬರುವುದಿಲ್ಲ. ಈ ಸೀಮೆಯ ಶಿಕ್ಷಕರೂ ಕಾಲೇಜು ವಿದ್ಯಾರ್ಥಿಗಳೂ ಹಿರಿಯರ ಬಳಿ ಕೂತು ಅವನ್ನು ಈಗಲೇ ಬರೆದಿಟ್ಟುಕೊಳ್ಳಲಿ, ಅವರು ಉಚ್ಚರಿಸುವ ಹಾಗೆಯೇ, ತಿದ್ದದೆ.