ಮೂವತ್ತೈದು ಅಂಕದ ಹೊಗೆ

ಒಂದು ಸಿಗಾರ್‌ಗೆ 89 ಅಂಕ, ಇನ್ನೊಂದಕ್ಕೆ 91. ಈ ಎರಡಂಕದ ನಡುವೆ ಒಂದು ವ್ಯಾಪಾರವೇ ನಿಂತಿದೆ. ತೊಂಬತ್ತು ದಾಟಿದ್ದು ಅಂಗಡಿಯಲ್ಲಿ ಅಂಕದ ಚೀಟಿ ಅಂಟಿಸಿಕೊಂಡು ಎದುರಿಗೆ ಬಂದು ಕೂರುತ್ತದೆ. 89 ಪಡೆದದ್ದರ ಅಂಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರ್ವಿನ್ ಶಾಂಕೆನ್ 1992ರಲ್ಲಿ ನ್ಯೂಯಾರ್ಕಿನಿಂದ ‘ಸಿಗಾರ್ ಅಫಿಸಿಯೊನಾಡೊ’ ಪತ್ರಿಕೆ ಹೊರಡಿಸಿ, ತಮ್ಮದೇ ‘ವೈನ್ ಸ್ಪೆಕ್ಟೇಟರ್’ ಬಳಸುತ್ತಿದ್ದ ನೂರಂಕದ ಅಳತೆಗೋಲನ್ನು ಹೊಗೆಗೂ ಹಿಡಿದರು. ಅಂದಿನಿಂದ ದುಬಾರಿ ಸಿಗಾರನ್ನು ಸೇದಿ ಬೆಲೆಕಟ್ಟುವ ಹವ್ಯಾಸ ಶಾಸ್ತ್ರದ ಗತ್ತಿನಲ್ಲಿ ಓಡಾಡುತ್ತಿದೆ. ಹವ್ಯಾಸಿಗಳ ಕೂಟಗಳಲ್ಲಿ, ಮನೆಯಲ್ಲಿ ನೋಟ್‌ಬುಕ್ಕು ಇಟ್ಟುಕೊಂಡು ಸೇದುವವರ ಕೈಯಲ್ಲಿ, ಎಲ್ಲೆಲ್ಲೂ ಹೆಚ್ಚುಕಡಿಮೆ ಇದೇ ಗೋಲು. ಆ ಗತ್ತು ಅದಕ್ಕೆ ಸಲ್ಲದು ಎಂಬುದು ನನ್ನ ತಕರಾರು.

ಹಿನ್ನೆಲೆ ಬೇಡ. ಅಮೆರಿಕ ಕ್ಯೂಬಾದ ಮೇಲೆ ಹೇರಿದ 1962ರ ದಿಗ್ಬಂಧನ, ಕ್ಯೂಬಾ ಬಿಟ್ಟವರು ಡೊಮಿನಿಕನ್ ಗಣರಾಜ್ಯದಲ್ಲೂ ನಿಕರಾಗುವಾದಲ್ಲೂ ಕಾರ್ಖಾನೆ ಕಟ್ಟಿದ್ದು, ತೊಂಬತ್ತರ ದಶಕದ ಅಮೆರಿಕದ ಸಿಗಾರ್ ಹುಚ್ಚು, ಇವೆಲ್ಲ ಈ ವಿಷಯಕ್ಕೆ ಕೈಹಾಕಿದವರಿಗೆ ಗೊತ್ತಿದ್ದದ್ದೇ. ನೇರ ಅಂಕಪಟ್ಟಿಯನ್ನೇ ಬಿಚ್ಚೋಣ. ಅದರಲ್ಲಿ ನಾಲ್ಕು ಕಲಮು. ನೋಟಕ್ಕೂ ಕಟ್ಟಿಗೂ ಸೇರಿ 15. ರುಚಿಗೆ 25. ಸೇದುವಾಗಿನ ನಡತೆಗೆ, ಅಂದರೆ ಎಳೆತ ಸಲೀಸೋ ಬಿಗಿಯೋ, ಉರಿ ಸುತ್ತಲೂ ಸಮನಾಗಿ ಇಳಿಯುತ್ತದೋ ಓರೆಯಾಗುತ್ತದೋ ಎಂಬುದಕ್ಕೆ 25. ಉಳಿದ 35 ‘ಒಟ್ಟಾರೆ ಅನಿಸಿಕೆ’ಗೆ.

ಈ 35ರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಾಲ್ಕರಲ್ಲಿ ಅತಿ ದೊಡ್ಡ ಕಲಮು ಇದೇ. ನೋಟವನ್ನು ಮೊದಲೇ ಎಣಿಸಿಯಾಗಿದೆ, ರುಚಿ ಎಣಿಸಿಯಾಗಿದೆ, ಎಳೆತ, ಉರಿ ಎರಡೂ ಮುಗಿದಿವೆ. ಬ್ರ್ಯಾಂಡು, ಊರು, ಬೆಲೆ ತೀರ್ಪುಗಾರರಿಗೆ ತಿಳಿಯಬಾರದೆಂದು ಸಿಗಾರಿನ ಪಟ್ಟಿ ಕಿತ್ತು, ಸಂಖ್ಯೆ ಬರೆದ ಬಿಳಿ ಪಟ್ಟಿ ಸುತ್ತಿರುತ್ತಾರೆ. ಹಾಗಾದರೆ ಅಳೆಯುವುದಕ್ಕೆ ಉಳಿದದ್ದೇನು? ಒಂದೋ, ಆಗಲೇ ಎಣಿಸಿದ್ದನ್ನು ಮತ್ತೊಮ್ಮೆ ಎಣಿಸಬೇಕು. ಇಲ್ಲವೇ, ‘ನನಗೆ ಹಿಡಿಸಿತು’ ಎಂಬ ಮಾತಿಗೆ ಸಂಖ್ಯೆಯ ಅಂಗಿ ತೊಡಿಸಬೇಕು. ಹಿಡಿಸುವುದೇನೂ ತಪ್ಪಲ್ಲ, ವಿಮರ್ಶೆ ಹುಟ್ಟುವುದೇ ಅಲ್ಲಿಂದ. ಆದರೆ ಯಾಕೆ ಹಿಡಿಸಿತು ಎಂದು ಹೇಳಬೇಕಾದ ಜಾಗದಲ್ಲಿ 33 ಎಂದು ಬರೆದು ಎದ್ದುಹೋದರೆ ಅದನ್ನು ವಿಮರ್ಶೆ ಎನ್ನಲಾಗದು. ಲೆಕ್ಕ ಹಾಕಿ ನೋಡಿ. ಮೊದಲ ಮೂರು ಕಲಮಿನಲ್ಲಿ 13, 23, 22 ಪಡೆದ ಸಿಗಾರ್ ಒಂದಿದೆ ಎನ್ನಿ. ಮೊತ್ತ 58. ಅನಿಸಿಕೆಗೆ 31 ಬಿದ್ದರೆ 89, 33 ಬಿದ್ದರೆ 91. ಎಲೆಯಲ್ಲಿ, ಕಟ್ಟಿನಲ್ಲಿ, ಉರಿಯಲ್ಲಿ ಏನೊಂದೂ ಬದಲಾಗದೆ ಅದು ಒಂದು ದರ್ಜೆ ಮೇಲೆ ಹತ್ತಿತು, ಅಂಗಡಿಯ ಚೀಟಿಯನ್ನೂ ಗಿಟ್ಟಿಸಿತು.

ನಮ್ಮ ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗೆ ನೂರರ ಲೆಕ್ಕ ಹೊಸದಲ್ಲ. ಒಳ್ಳೆಯ ಬೆಲೆ ಕೊಡುವ ಖರೀದಿದಾರನ ಮೇಜಿಗೆ ಬೀಜ ಹೋದರೆ ಕಪ್ಪಿಂಗ್, ಅಂದರೆ ರುಚಿ ಪರೀಕ್ಷೆ, ಆಗಲೇಬೇಕು. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಬಹುಕಾಲ ಬಳಸಿದ ನಮೂನೆಯಲ್ಲಿ ಹತ್ತು ಕಲಮು, ಒಂದೊಂದಕ್ಕೂ 10. ರುಚಿ ನೋಡುವವನ ಸ್ವಂತ ಒಲವಿಗೆ ಅಲ್ಲೂ ಜಾಗವಿದೆ, ನೂರರಲ್ಲಿ ಹತ್ತೇ ಹತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಒಂದೇ ಮಾದರಿಯಿಂದ ಐದು ಬಟ್ಟಲು ಮಾಡುತ್ತಾರೆ. ಐದೂ ಒಂದೇ ಥರ ಇರಬೇಕು. ಒಂದು ಬಟ್ಟಲು ದಾರಿ ತಪ್ಪಿದರೆ ಏಕರೂಪತೆಯ ಕಲಮಿನಲ್ಲಿ 2 ಅಂಕ ಖೋತಾ. ಸಿಗಾರಿನ ಅಂಕಪಟ್ಟಿಯಲ್ಲಿ ಏಕರೂಪತೆಗೆ ಕಲಮೇ ಇಲ್ಲ.

ಅದು ಮೊದಲು ಇರಬೇಕಾದದ್ದೇ ಅಲ್ಲಿ, ಯಾಕೆಂದರೆ ಸಿಗಾರ್ ಕೈಯಲ್ಲಿ ಸುತ್ತಿದ್ದು. ಹೊರಗೆ ಕಾಣುವುದು ರ‍್ಯಾಪರ್ ಎಲೆ, ಅದರೊಳಗೆ ಬೈಂಡರ್, ಹೊಟ್ಟೆಯಲ್ಲಿ ಫಿಲ್ಲರ್. ಫಿಲ್ಲರಿಗೆ ಗಿಡದ ಬೇರೆ ಬೇರೆ ಎತ್ತರದ ಎಲೆಗಳು ಬೇಕು: ಕೆಳಗಿನ ವೊಲಾಡೊ ಚೆನ್ನಾಗಿ ಹೊತ್ತಿಕೊಳ್ಳುತ್ತದೆ, ನಡುವಿನ ಸೆಕೊ ಪರಿಮಳ ಕೊಡುತ್ತದೆ, ಬಿಸಿಲುಂಡು ದಪ್ಪಗಾದ ಮೇಲಿನ ಲಿಗೆರೊ ಗಡಸುತನ ಕೊಡುತ್ತದೆ, ಆದರೆ ನಿಧಾನವಾಗಿ ಉರಿಯುತ್ತದೆ. ಆದ್ದರಿಂದ ಲಿಗೆರೊ ನಟ್ಟನಡುವೆ ಕೂರಬೇಕು. ಬೆರಳು ಒಂದಿಷ್ಟು ಸರಿದು ಅದು ಪಕ್ಕಕ್ಕೆ ಬಂತೋ, ಆ ಮಗ್ಗುಲು ಹಿಂದೆ ಬಿದ್ದು ಉರಿ ಓರೆಯಾಗುತ್ತದೆ. ಎಲೆಗಳು ಒಂದಕ್ಕೊಂದು ತಿರುಚಿಕೊಂಡರೆ ಒಳಗೆ ಗಂಟಾಗಿ ಕೆನ್ನೆ ಗುಳಿಬೀಳುವಂತೆ ಎಳೆದರೂ ಹೊಗೆ ಬಾರದು. ಎಲೆ ಕಡಿಮೆ ಬಿದ್ದರೆ ಗಾಳಿ ನುಗ್ಗಿ, ಕೆಂಡ ಬೇಗ ಕಾದು, ಬಾಯೆಲ್ಲ ಕಹಿ. ತೊಂಬತ್ತರ ದಶಕದ ಕೊನೆಯಲ್ಲಿ ಬೇಡಿಕೆ ಹಿಡಿಯಲು ಕ್ಯೂಬಾ ಅವಸರವಸರವಾಗಿ ಸುತ್ತಿಸಿದಾಗ ಉಸಿರುಕಟ್ಟಿದ ಸಿಗಾರ್‌ಗಳ ದೂರು ರಾಶಿ ಬಿತ್ತು. ಆಮೇಲೆ ಕಾರ್ಖಾನೆಗಳಿಗೆ ಎಳೆತ ಅಳೆಯುವ ಯಂತ್ರ ಬಂತು. ರ‍್ಯಾಪರ್ ಸುತ್ತುವ ಮೊದಲೇ ಕಟ್ಟನ್ನು ಅದಕ್ಕಿಟ್ಟು ಗಾಳಿ ಎಷ್ಟು ಹೋಗುತ್ತದೆಂದು ನೋಡುತ್ತಾರೆ. ಒಂದರಂತೆ ಇನ್ನೊಂದು ಇರುವುದಿಲ್ಲ ಎಂಬುದು ತಯಾರಕರೇ ಒಪ್ಪಿಕೊಂಡ ಮಾತು. ಅಂಕಪಟ್ಟಿಯಲ್ಲಾದರೋ ಒಂದು ಸಂಖ್ಯೆ ಇಡೀ ಬ್ರ್ಯಾಂಡಿನ ಪರವಾಗಿ ವಕಾಲತ್ತು ವಹಿಸುತ್ತದೆ.

ಇದಕ್ಕಿಂತ ಉತ್ತಮವಾದ, ಯಾರೂ ಹಾಡಿ ಹೊಗಳದ ಒಂದು ಪದ್ಧತಿ ಹವಾನಾದ ಕಾರ್ಖಾನೆಗಳೊಳಗೇ ಇದೆ. ಕತಾದೋರ್ ಎಂದು ಕರೆಯುವ ರುಚಿ ಪರೀಕ್ಷಕರು ಬೆಳಗಿನ ಹೊತ್ತು ಕೂತು, ಸಿಗಾರಿನ ಮೊದಲ ಒಂದಂಗುಲದಷ್ಟು ಸೇದಿ, ಸಕ್ಕರೆ ಹಾಕದ ಚಹಾದಲ್ಲಿ ಬಾಯಿ ಸ್ವಚ್ಛ ಮಾಡಿಕೊಂಡು ಮುಂದಿನದಕ್ಕೆ ಹೋಗುತ್ತಾರೆ. ಎಳೆತ, ಉರಿ, ಗಡಸು, ಪರಿಮಳ, ರುಚಿ ಇವರಿಗೂ ಮುಖ್ಯವೇ. ಆದರೆ ಇವರ ತೀರ್ಪು ಸುತ್ತಿದವರ ಮೇಜಿಗೆ ಹಿಂದಿರುಗುತ್ತದೆ. ಇಂದು ಬಿಗಿಯಾಗಿದ್ದರೆ ನಾಳೆ ಸಡಿಲವಾಗಬೇಕು. ಒಂದಂಗುಲ ಸೇದಿ ಬಿಸಾಡಿದರೆ ಉಳಿದ ಭಾಗದ ಸುದ್ದಿ ಹೇಗೆ ತಿಳಿಯುತ್ತದೆ ಎಂದು ಹವ್ಯಾಸಿಗಳು ಮೂಗು ಮುರಿಯಬಹುದು. ಮುರಿಯಲಿ. ಸುತ್ತಿದ ಕೈಗೆ ಏನಾದರೂ ಕಲಿಸುವ ವಿಮರ್ಶೆ ಇದೊಂದೇ.

ಪತ್ರಿಕೆಯ ಪರವಾಗಿಯೂ ಹೇಳಬೇಕಾದದ್ದಿದೆ. ಹೆಸರು ಮುಚ್ಚಿ ಸೇದುವುದು ಒಳ್ಳೆಯ ಕ್ರಮ. 2008ರಲ್ಲಿ ವರ್ಷದ ಸಿಗಾರ್ ಎಂದು ಅವರು ಆರಿಸಿದ್ದು ನಿಕರಾಗುವಾದ ಕಾಸಾ ಮಗ್ನಾ ಕೊಲೊರಾಡೊ ರೊಬುಸ್ಟೊ. ಬೆಲೆ ಐದು ಡಾಲರ್ ಆಸುಪಾಸು. ವರ್ಷಾಂತ್ಯದ ಪಟ್ಟಿಗೆ ಬಂದವನ್ನು ಮತ್ತೆ ಕೊಂಡು ಮತ್ತೆ ಸೇದುತ್ತಾರೆ. ಸರಿ. ಆದರೆ ಬ್ರ್ಯಾಂಡಿನ ಪಟ್ಟಿ ಕಿತ್ತ ಮಾತ್ರಕ್ಕೆ ಸಿಗಾರಿನ ಮುಖ ಮರೆಯಾಗುವುದಿಲ್ಲ. 2010ರಲ್ಲಿ ಮೊದಲ ಸ್ಥಾನ ಪಡೆದ ಕೊಯಿಬಾ ಬೆಹಿಕೆ 52ರ ತಲೆಯ ಮೇಲೆ ಎಲೆಯದೇ ಒಂದು ಪುಟ್ಟ ಜುಟ್ಟು ಇರುತ್ತದೆ. ದಪ್ಪ, ಉದ್ದ, ರ‍್ಯಾಪರಿನ ಎಣ್ಣೆಯ ಹೊಳಪು, ಆ ಜುಟ್ಟು, ಇಷ್ಟನ್ನೂ ಎದುರಿಗಿಟ್ಟುಕೊಂಡು ಅದು ಏನೆಂದು ಊಹಿಸದಿರುವ ಪಳಗಿದ ತೀರ್ಪುಗಾರ ಇದ್ದರೆ, ಆತ ಪಳಗಿದವನೇ ಅಲ್ಲ.

ಇನ್ನು ಮಾತಿನ ವೈಭವ. ಸೀಡರ್, ತೊಗಲು, ಕೊಟ್ಟಿಗೆ, ಕರಿಮೆಣಸು, ಒಣ ಚೆರ್ರಿ, ಕ್ರೀಮು. ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುವುದೇ ತಪ್ಪು. ಸೀಡರ್ ವಾಸನೆ ಕಲ್ಪನೆಯಲ್ಲ. ಸಿಗಾರ್ ಮಲಗಿದ್ದ ಪೆಟ್ಟಿಗೆಯದು. ಆ ಸ್ಪ್ಯಾನಿಷ್ ಸೀಡರ್ ಹೆಸರಿಗೆ ಸೀಡರ್, ಕುಲದಲ್ಲಿ ಮಹಾಗನಿಯ ನೆಂಟ. ಕೊಟ್ಟಿಗೆಯ ಘಾಟಿನಲ್ಲಿ ಅಮೋನಿಯಾ ಹೊಡೆದರೆ ಎಲೆಯ ಹುದುಗು ಪೂರ್ತಿಯಾಗಿಲ್ಲವೆಂದು ಅರ್ಥ. ಅದು ದೋಷ, ಅಲಂಕಾರವಲ್ಲ. ಹೊಗೆಯನ್ನು ಮೂಗಿನಿಂದ ಬಿಟ್ಟಾಗ ಚುಚ್ಚುವ ಮೆಣಸೂ ನಿಜವೇ. ಕೊನೆಯ ಮೂರನೇ ಒಂದು ಭಾಗದಲ್ಲಿ ‘ಸಂಕೀರ್ಣತೆ ಗಾಢವಾಗುತ್ತದೆ’ ಎಂದು ಬರೆಯುತ್ತಾರಲ್ಲ, ಅಲ್ಲಿ ನಡೆಯುವುದು ಇಷ್ಟು: ಅಷ್ಟು ಹೊತ್ತು ಹಾದುಹೋದ ಹೊಗೆಯ ಟಾರು, ನಿಕೋಟಿನ್ ಉಳಿದ ತುಂಡಿನಲ್ಲಿ ಕೂತಿರುತ್ತವೆ, ಕೆಂಡವೂ ತುಟಿಗೆ ಹತ್ತಿರವಾಗಿರುತ್ತದೆ. ಬೂದಿಯದೂ ಇದೇ ಕಥೆ. ಕಾನನ್ ಡಾಯ್ಲ್ 1887ರ ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸ್‌ನಿಂದ ತಿರುಚಿನಾಪಳ್ಳಿಯ ಚುಟ್ಟಾವನ್ನು ಬೂದಿಯಿಂದಲೇ ಗುರುತು ಹಿಡಿಸಿದ. ಅದನ್ನು ಓದಿಯೋ ಏನೋ, ಉದ್ದನೆಯ ಬಿಳಿ ಬೂದಿಗೆ ಅಂಕ ಕೊಡುವವರು ಇವತ್ತಿಗೂ ಇದ್ದಾರೆ. ಬೂದಿ ಉದುರದೆ ನಿಂತರೆ ಒಳಗೆ ತುಂಡೆಲೆಯಿಲ್ಲ, ಉದ್ದೆಲೆಯಿದೆ ಎಂದು ತಿಳಿಯಬಹುದು. ಬಣ್ಣ ಎಲೆಯೊಳಗಿನ ಖನಿಜದ್ದು. ರುಚಿಯ ವಿಚಾರದಲ್ಲಿ ಬೂದಿ ಮೂಕ. ಒಣ ಚೆರ್ರಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಇಷ್ಟು ಹೇಳಿದರೆ ಎರಡು ಕಡೆಯವರು ಎದ್ದು ನಿಲ್ಲುತ್ತಾರೆ. ಮೊದಲನೆಯವರು ಹವ್ಯಾಸದ ವಕೀಲರು: ‘ರುಚಿ ಅವರವರ ನಾಲಿಗೆಗೆ ಬಿಟ್ಟದ್ದು, ಅಂಕ ಒಂದು ಸೂಚನೆ ಅಷ್ಟೆ.’ ಅವರವರಿಗೆ ಬಿಟ್ಟದ್ದಾದರೆ ತೊಂಬತ್ತೊಂದು ಯಾರದ್ದು? ಮಾರುವಾಗ ಅಳತೆ, ಪ್ರಶ್ನೆ ಬಂದಾಗ ಅಭಿರುಚಿ, ಎರಡೂ ಹೇಗೆ ನಡೆಯುತ್ತವೆ? ಎರಡನೆಯವರು ಲೇವಡಿಗಾರರು. ಇವರ ಕೈಯಲ್ಲಿ ಯಾವಾಗಲೂ 2001ರ ಬೋರ್ದೋ ಪ್ರಯೋಗ ಇರುತ್ತದೆ. ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಕೆಂಪು ವೈನಿಗೆ ಸಲ್ಲುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. ‘ನೋಡಿ, ಎಲ್ಲ ಬೊಗಳೆ’ ಎಂದು ಲೇವಡಿಗಾರರು ಚಪ್ಪಾಳೆ ತಟ್ಟುತ್ತಾರೆ. ಆ ಪ್ರಯೋಗ ತೋರಿಸಿದ್ದು ಮಾತು ಕಣ್ಣಿನ ಹಿಂದೆ ಹೋಗುತ್ತದೆ ಎಂಬುದನ್ನು. ನಾಲಿಗೆಗೆ ಏನೂ ತಿಳಿಯದು ಎಂಬುದನ್ನಲ್ಲ. ಕಡುಗಪ್ಪು ಮದುರೊ ರ‍್ಯಾಪರ್ ಕಂಡೊಡನೆ ಚಾಕೊಲೇಟ್ ಎಂದು ಬರೆದುಕೊಳ್ಳುವವರಿಗೆ ಅದು ಎಚ್ಚರಿಕೆ. ಲೇವಡಿಗಾರರಿಗೆ ಸನ್ನದು ಆಗಲಾರದು.

ನಿಜವಾಗಿ ಕುತ್ತಿಗೆಗೆ ಬರುವುದು ಇನ್ನೊಂದು ಅಧ್ಯಯನ, ಲೇವಡಿಗಾರರಿಗೆ ಅದರ ಒಳಸುಳಿ ಬೇಕಾಗಿಲ್ಲ. ರಾಬರ್ಟ್ ಹಾಜ್ಸನ್ ಕ್ಯಾಲಿಫೋರ್ನಿಯಾದ ಸ್ಟೇಟ್ ಫೇರ್‌ನ ವೈನ್ ಸ್ಪರ್ಧೆಯಲ್ಲಿ ಒಂದೇ ಬಾಟಲಿಯಿಂದ ಮೂರು ಸಲ ಸುರಿದು, ತಿಳಿಸದೆ ಅದೇ ತೀರ್ಪುಗಾರರ ಮುಂದಿಟ್ಟರು. ಮೂರು ಸಲವೂ ಹತ್ತಿರಹತ್ತಿರದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೆ. 2008ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ವೈನಿನವರು ತಲೆತಗ್ಗಿಸಿದರೂ, ಅವರನ್ನು ಹಿಡಿದು ನೋಡಲಾದರೂ ಆಯಿತಲ್ಲ. ಸಿಗಾರಿನ ತೀರ್ಪುಗಾರನನ್ನು ಹಾಗೆ ಹಿಡಿಯುವಂತಿಲ್ಲ. ಒಂದು ಸಿಗಾರನ್ನು ಮೂರು ಸಲ ಸೇದಲಾಗದು. ಸಾಕ್ಷ್ಯ ಅವನ ಕೈಯಲ್ಲೇ ಬೂದಿಯಾಗಿರುತ್ತದೆ. ಎರಡನೆಯ ಸಿಗಾರ್‌ಗೆ ಬೇರೆ ಅಂಕ ಬಂದರೆ ಬದಲಾದದ್ದು ನಾಲಿಗೆಯೋ ಕಟ್ಟೋ, ಯಾರೂ ಹೇಳಲಾರರು. ಬಿಡಿಸುವ ದಾರಿ ಒಂದೇ: ಒಂದೇ ಪೆಟ್ಟಿಗೆಯಿಂದ ಹಲವನ್ನು, ಹಲವರು, ಹಲವು ದಿನ ಸೇದಿ, ಯಾರು ಎಷ್ಟೆಷ್ಟು ಕೊಟ್ಟರೆಂದು ಬಿಡಿಬಿಡಿಯಾಗಿ ತೋರಿಸುವುದು. ಈಗಲಾದರೋ ಸಮಿತಿ ಸೇದಿದರೂ ಓದುಗನಿಗೆ ಸಿಗುವುದು ಒಂದು ಸಂಖ್ಯೆ. ಸಿಗಾರ್ ಕಂಪನಿಗಳ ಜಾಹೀರಾತು ಹೊತ್ತ ಪತ್ರಿಕೆಯಲ್ಲಿ ಆ ಒಂಟಿ ಸಂಖ್ಯೆ ಪ್ರಕಟವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಅಂಕ ಮಾರಾಟಕ್ಕಿದೆ ಎಂದು ನಾನು ಹೇಳುತ್ತಿಲ್ಲ. ಪರಿಶೀಲಿಸಲು ಬಾರದ ಅಂಕಕ್ಕೆ ಅನುಮಾನ ಅಂಟಿಕೊಳ್ಳುವುದು ಸಹಜ, ಅಷ್ಟೆ.

ಒಂದು ಮಾತು ಸೇರಿಸಿಬಿಡುತ್ತೇನೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂಬ ಹವ್ಯಾಸಿಗಳ ಸಮಾಧಾನ ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿಗೆ ಸಿಗಾರ್ ಕಾರಣವಾಗುತ್ತದೆ. ರುಚಿಯನ್ನು ಇಷ್ಟು ಕೂಲಂಕಷವಾಗಿ ಬರೆಯುವವರು ಇದನ್ನು ಒಂದು ಸಾಲಿನಲ್ಲಾದರೂ ಬರೆಯಬಹುದು.

ಮೂವತ್ತೈದರ ಕಲಮನ್ನು ಹತ್ತಕ್ಕೆ ಇಳಿಸಲಿ. ಉಳಿದ ಇಪ್ಪತ್ತೈದನ್ನು ಒಂದೇ ಪೆಟ್ಟಿಗೆಯ ಐದು ಸಿಗಾರ್‌ಗಳ ಏಕರೂಪತೆಗೆ ಕೊಡಲಿ, ಐದರ ಅಂಕವನ್ನೂ ಅಚ್ಚುಹಾಕಲಿ. ಅಲ್ಲಿಯವರೆಗೆ ವರ್ಷವರ್ಷವೂ ಬರುವ ಆ ಪಟ್ಟಿಯನ್ನು ನಾನು ಅಂಗಡಿಯ ಬೆಲೆಪಟ್ಟಿಯ ಜೊತೆಗೇ ಇಟ್ಟು ಓದುತ್ತೇನೆ.