ವಿಂಚಿಗೆ ಫ್ಯೂಸ್ ಬೇಡವೆ?

ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಎಲೆಕ್ಟ್ರಿಕ್ ವಿಂಚನ್ನು ಜೀಪಿನ ಮೂತಿಗೆ ಕೂರಿಸುವವರ ನಡುವೆ ಒಂದು ಮಾತು ವರ್ಷಗಳಿಂದ ಓಡಾಡುತ್ತಿದೆ: ವಿಂಚಿಗೆ ಫ್ಯೂಸ್ ಹಾಕಬಾರದು, ಬ್ಯಾಟರಿಯಿಂದ ನೇರ ಕನೆಕ್ಷನ್ ಕೊಡಬೇಕು. ಮಲೆನಾಡಿನ ಎಸ್ಟೇಟಿನಲ್ಲಿ ದುಡಿಯುವ ಹಳೆಯ ಎಂಎಂ 540 ಇರಲಿ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಕೆಸರು ಹುಡುಕಿಕೊಂಡು ಬರುವ ಹೊಸ ಥಾರ್ ಇರಲಿ, ಬಾನೆಟ್ ಎತ್ತಿದರೆ ಬಹುಪಾಲು ಕಾಣುವುದು ಒಂದೇ ಬಗೆಯ ವೈರಿಂಗು. ಬ್ಯಾಟರಿಯ ಪ್ಲಸ್ಸಿನಿಂದ ಹೆಬ್ಬೆರಳು ಗಾತ್ರದ ಕೆಂಪು ಕೇಬಲ್ ಹೊರಟು ವಿಂಚಿನ ಸ್ವಿಚ್ಚಾಗಿ ದುಡಿಯುವ, ಬಂಪರಿನ ಸೊಲೆನಾಯ್ಡ್ ಡಬ್ಬಿಗೆ ಸೇರಿರುತ್ತದೆ. ನಡುವೆ ಏನೂ ಇರುವುದಿಲ್ಲ. ಕೇಳಿದರೆ, “ಕಂಪನಿಯವರೇ ಕೊಟ್ಟಿಲ್ಲ ಸಾರ್, ನಾವ್ಯಾಕೆ ಹಾಕೋದು?” ಎನ್ನುತ್ತಾರೆ. ಅದು ಸುಳ್ಳಲ್ಲ. ವಾರ್ನ್‌ನಂಥ ಹೆಸರಾಂತ ಕಂಪನಿಯ ದೊಡ್ಡ ವಿಂಚಿನ ಪೆಟ್ಟಿಗೆಯಲ್ಲೂ ಕೇಬಲ್ಲು, ನಟ್ಟು ಬೋಲ್ಟು, ಎಚ್ಚರಿಕೆಯ ಕೈಪಿಡಿ ಇರುತ್ತವೆ. ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಹೀಗಿದ್ದೂ ಈ ಪದ್ಧತಿ ಅರ್ಧ ಲೆಕ್ಕದ ಮೇಲೆ ನಿಂತಿದೆ ಎಂಬುದು ನನ್ನ ತಕರಾರು.

ಫ್ಯೂಸ್ ಬೇಡ ಎನ್ನುವವರ ವಾದ ಹಗುರವಾದುದಲ್ಲ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 9500 ಪೌಂಡಿನ, ಅಂದರೆ ಸುಮಾರು 4300 ಕಿಲೋ ಎಳೆಯುವ 12 ವೋಲ್ಟಿನ ವಿಂಚನ್ನೇ ತೆಗೆದುಕೊಳ್ಳಿ. ಹಗ್ಗ ಸಡಿಲವಾಗಿ ಸುತ್ತಿಕೊಳ್ಳುವಾಗ ಅದಕ್ಕೆ 60-70 ಆಂಪಿಯರ್ ಸಾಕು. ಗಾಡಿ ಆಕ್ಸಲ್‌ವರೆಗೆ ಹೂತು, ವಿಂಚ್ ಮುಕ್ಕರಿದು ಎಳೆಯುವಾಗ ಅದೇ ಮೋಟಾರು 400 ಆಂಪಿಯರ್ ದಾಟುತ್ತದೆ. ಕೆಲವು ಮಾದರಿಗಳಲ್ಲಿ 450ರ ಆಚೆಗೂ ಹೋಗುತ್ತದೆ. ಇಷ್ಟು ಅಗಲ ಏರಿಳಿಯುವ ಕರೆಂಟಿಗೆ ಯಾವ ಫ್ಯೂಸ್ ಹಾಕುತ್ತೀರಿ? 200 ಹಾಕಿದರೆ ನಿಜವಾಗಿ ಎಳೆಯಬೇಕಾದ ಹೊತ್ತಿಗೆ ಸುಟ್ಟುಹೋಗುತ್ತದೆ. 500 ಹಾಕಿದರೆ, ವಿಂಚಿನ 35 ಚದರ ಮಿಲಿಮೀಟರಿನ ಕೆಂಪು ಕೇಬಲ್ ಎಡೆಬಿಡದೆ ಹೊರಬಲ್ಲದ್ದೇ ಅದರ ಅರ್ಧಕ್ಕೂ ಕಡಿಮೆ. ಅಂಥ ಫ್ಯೂಸ್ ಯಾರನ್ನು ಕಾಯುತ್ತದೆ? ಇದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಎಡವಿರುವುದು ಉತ್ತರದಲ್ಲಿ.

ಅವರು ಲೆಕ್ಕ ಹಾಕುವುದು ವಿಂಚ್ ದುಡಿಯುವಾಗಿನ ಕರೆಂಟನ್ನು ಮಾತ್ರ. ಕೇಬಲ್ ಎಲ್ಲೋ ಉಜ್ಜಿ, ಸಿಪ್ಪೆ ಹರಿದು, ಒಳಗಿನ ತಾಮ್ರ ಚಾಸಿಗೆ ತಾಗಿದರೆ ಎಷ್ಟು ಹರಿಯುತ್ತದೆ ಎಂಬ ಇನ್ನೊಂದು ಲೆಕ್ಕವನ್ನು ಅವರು ಹಾಕುವುದೇ ಇಲ್ಲ. ಒಳ್ಳೆಯ ಸ್ಥಿತಿಯ ಲೆಡ್ ಆಸಿಡ್ ಬ್ಯಾಟರಿಯ ಒಳರೋಧ ಐದಾರು ಮಿಲಿ ಓಮ್. ಎರಡು ಮೀಟರ್ ತಾಮ್ರದ ಕೇಬಲ್ಲಿನದು ಒಂದು ಮಿಲಿ ಓಮ್. ಚಾಸಿಯ ಮೂಲಕ ಮರಳುವ ದಾರಿಗೆ ಇನ್ನೊಂದು ಸೇರಿಸಿ. ಹನ್ನೆರಡು ವೋಲ್ಟನ್ನು ಇದರಿಂದ ಭಾಗಿಸಿದರೆ ಹತ್ತಿರ ಹತ್ತಿರ 1500 ಆಂಪಿಯರ್ ಬರುತ್ತದೆ. ಇಷ್ಟು ಕರೆಂಟಿನಲ್ಲಿ 35 ಚದರ ಮಿಲಿಮೀಟರಿನ ತಾಮ್ರ, ಮೇಲಿನ ಪಿವಿಸಿ ಸಿಪ್ಪೆ ತಡೆದುಕೊಳ್ಳುವ ಶಾಖದ ಮಿತಿ ಮುಟ್ಟಲು ಏಳೆಂಟು ಸೆಕೆಂಡು ಸಾಕು. ಆಮೇಲೆ ಪಕ್ಕದ ವೈರು, ರಬ್ಬರ್ ಹೋಸು, ಪೆಟ್ರೋಲ್ ಗಾಡಿಯಾದರೆ ಇಂಧನದ ಪೈಪು, ಹೀಗೆ ಬೆಂಕಿಗೆ ತಿನ್ನಲು ಬೇಕಾದಷ್ಟು ಇರುತ್ತದೆ.

ಈಗ ಅದೇ ದಾರಿಯಲ್ಲಿ 400 ಆಂಪಿಯರಿನ ಮೆಗಾ ಫ್ಯೂಸ್ ಇದೆ ಅಂದುಕೊಳ್ಳಿ. ಗಾಡಿಗಳಲ್ಲಿ ಬಳಸುವ ಈ ಜಾತಿಯ ಬೋಲ್ಟ್ ಫ್ಯೂಸುಗಳು ಸಾವಧಾನದವು. ಮೇಲೆ ಬರೆದಿರುವ ಆಂಪಿಯರ್ ದಾಟಿದ ಕ್ಷಣ ಹಾರಿಹೋಗುವುದಿಲ್ಲ. ಮೂರನೇ ಒಂದು ಪಾಲು ಹೆಚ್ಚು ಹರಿದರೂ ಕನಿಷ್ಠ ಎರಡು ನಿಮಿಷ, ಕೆಲವೊಮ್ಮೆ ಹತ್ತಾರು ನಿಮಿಷ ತಾಳುತ್ತವೆ. ಎಂದರೆ ಒಂದು ನಿಮಿಷ ಮುಕ್ಕರಿದು 450 ಆಂಪಿಯರ್ ಎಳೆದ ವಿಂಚಿಗೆ ಈ ಫ್ಯೂಸ್ ಅಡ್ಡ ಬರುವುದಿಲ್ಲ. ಆದರೆ ನಾಲ್ಕು ಪಟ್ಟಿನ ಹತ್ತಿರ ಹರಿದರೆ ಸೆಕೆಂಡಿನ ಭಾಗದಿಂದ ಹೆಚ್ಚೆಂದರೆ ಐದು ಸೆಕೆಂಡಿನೊಳಗೆ ಕರಗುತ್ತವೆ. ಕೇಬಲ್ಲಿನ ಸಿಪ್ಪೆ ಕರಗುವ ಮೊದಲೇ ಫ್ಯೂಸ್ ಕರಗುತ್ತದೆ, ಬೇಕಾಗಿರುವುದೂ ಅಷ್ಟೇ. ‘ಒಂದೋ ಸುಮ್ಮನೆ ಸುಡುತ್ತದೆ, ಇಲ್ಲವೇ ಎಂದೂ ಸುಡುವುದಿಲ್ಲ’ ಎಂಬ ಮಾತು ಫ್ಯೂಸಿನ ಮೇಲಿನ ಅಂಕಿಯನ್ನಷ್ಟೇ ಓದಿ, ಅದರ ವೇಳೆಯನ್ನು ಓದದವರ ಮಾತು.

ಸಾಮಾನ್ಯ ಬಾನೆಟ್ಟಿನೊಳಗೆ ಈ ಕೆಂಪು ಕೇಬಲ್ ಹೋಗುವ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿ ನೋಡಬೇಕು. ಬ್ಯಾಟರಿ ಟ್ರೇಯ ಅಂಚಿನಿಂದ ಇಳಿದು, ಎಸಿ ಪೈಪಿಗೆ ಪ್ಲಾಸ್ಟಿಕ್ ಟೈ ಬಿಗಿಸಿಕೊಂಡು, ರೇಡಿಯೇಟರ್ ಹಿಡಿದ ತಗಡಿನ ತೂತಿನಲ್ಲಿ ತೂರುತ್ತದೆ. ಡ್ರಿಲ್ ಮಾಡಿದ ತೂತಿನ ಬಾಯಿ ಬ್ಲೇಡಿನಷ್ಟು ಚೂಪು. ಅಲ್ಲಿ ಇರಬೇಕಾದ ರಬ್ಬರ್ ಗ್ರೊಮೆಟ್ ಇರುವುದಿಲ್ಲ, ಅದರ ಬದಲು ನಾಲ್ಕು ಸುತ್ತು ಕರಿ ಟೇಪು. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಕೇಬಲ್ ದಿನವಿಡೀ ಆ ಅಂಚಿಗೆ ಮೈ ಉಜ್ಜುತ್ತದೆ. ಒಂದು ಮಳೆಗಾಲದ ಕೆಸರು ಒಣಗಿ ಕೂತರೆ ಟೇಪಿನ ಅಂಟು ಬಿಟ್ಟು, ಕೆಳಗೆ ಹೊಳೆಯುವ ಒಂದು ಗೀರು ಕಾಣುತ್ತದೆ. ವಿಂಚಿನ ಕೈಪಿಡಿಗಳು ಚೂಪು ಅಂಚು, ಬಿಸಿ ಭಾಗ, ತಿರುಗುವ ಭಾಗ ಇವುಗಳಿಂದ ಕೇಬಲ್ ದೂರವಿಡಿ ಎಂದು ಒತ್ತಿ ಹೇಳುವುದು ಇದಕ್ಕೇ. ಆ ಪುಟವನ್ನು ಯಾರೂ ಓದುವುದಿಲ್ಲ. ‘ಫ್ಯೂಸ್ ಕೊಟ್ಟಿಲ್ಲ’ ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ.

ಇನ್ನೊಂದು ಸಂಗತಿ ಇದೆ. ವಿಂಚ್ ವರ್ಷಕ್ಕೆ ಕೆಲವೇ ಗಂಟೆ ದುಡಿಯುತ್ತದೆ. ಕೇಬಲ್ಲಿನಲ್ಲಿ ಮಾತ್ರ ವರ್ಷದ ಎಲ್ಲ ದಿನ ಬ್ಯಾಟರಿಯ ಕರೆಂಟು ಕಾಯ್ದು ಕೂತಿರುತ್ತದೆ, ಅದೂ ಡಿಕ್ಕಿಯಾದರೆ ಮೊದಲು ಜಜ್ಜುವ ಜಾಗದಲ್ಲಿ. 

ಇಲ್ಲಿ ಅನುಭವಸ್ಥ ಮೆಕ್ಯಾನಿಕ್‌ಗಳು ಒಂದು ಅಸ್ತ್ರ ತೆಗೆಯುತ್ತಾರೆ: ಸ್ಟಾರ್ಟರ್ ಮೋಟಾರಿಗೂ ಫ್ಯೂಸ್ ಇಲ್ಲವಲ್ಲ? ಹೌದು, ಬಹುಪಾಲು ಗಾಡಿಗಳಲ್ಲಿ ಇಲ್ಲ. ಆದರೆ ಸ್ಟಾರ್ಟರ್ ದುಡಿಯುವುದು ಮೂರ್ನಾಲ್ಕು ಸೆಕೆಂಡು. ಅದರ ಕೇಬಲ್ಲಿನ ದಾರಿಯನ್ನು ಕಾರ್ಖಾನೆಯ ಎಂಜಿನಿಯರು ಕೂತು ಗೆರೆ ಎಳೆದು ನಿಶ್ಚಯಿಸಿರುತ್ತಾರೆ, ಅದು ಬಂಪರಿನವರೆಗೆ ಹೋಗುವುದೂ ಇಲ್ಲ. ಬ್ಯಾಟರಿ ಹಿಂಬದಿಯ ಡಿಕ್ಕಿಯಲ್ಲಿದ್ದು ಕೇಬಲ್ ಗಾಡಿಯುದ್ದ ಓಡುವ ಕಾರುಗಳಲ್ಲಿ ಏನಾಯಿತು ನೋಡಿ: ಅಪಘಾತದ ಕ್ಷಣದಲ್ಲಿ ಸಣ್ಣ ಸಿಡಿಮದ್ದಿನಿಂದ ಆ ಕೇಬಲ್ಲನ್ನೇ ಕತ್ತರಿಸುವ ಬ್ಯಾಟರಿ ಟರ್ಮಿನಲ್ಲನ್ನು ಬಿಎಂಡಬ್ಲ್ಯು ಕಂಪನಿ ತನ್ನ ಕಾರುಗಳಿಗೆ ಹಾಕಿತು. ಫ್ಯೂಸ್ ಇಲ್ಲದ ದಪ್ಪ ಕೇಬಲ್ಲನ್ನು ಕಂಡು ಕಾರು ಮಾಡುವವರೇ ಹೆದರಿದ್ದಾರೆ ಎಂದಾಯಿತು. ಸಮುದ್ರದ ಕಡೆಗೂ ನೋಡಬಹುದು. ವಿಹಾರ ದೋಣಿಯ ಲಂಗರು ಎತ್ತುವ ವಿಂಡ್ಲಾಸ್ ಎಂಬ ಯಂತ್ರ ನಮ್ಮ ವಿಂಚಿನ ಸಹೋದರನೇ, ಅದೇ 12 ವೋಲ್ಟು, ಅದೇ ಬಗೆಯ ಮೋಟಾರು. ಅಲ್ಲಿ ಸರ್ಕ್ಯೂಟ್ ಬ್ರೇಕರ್ ಇಲ್ಲದೆ ಅದನ್ನು ಕೂರಿಸುವ ರೂಢಿಯೇ ಇಲ್ಲ. ಅಮೆರಿಕದಲ್ಲಿ ದೋಣಿಗಳ ಮಾನದಂಡ ರೂಪಿಸುವ ಎಬಿವೈಸಿ ಸಂಸ್ಥೆ, ಸ್ಟಾರ್ಟರ್ ಕೇಬಲ್ಲಿಗೆ ವಿನಾಯಿತಿ ಕೊಟ್ಟರೂ ವಿಂಡ್ಲಾಸಿಗೆ ಕೊಟ್ಟಿಲ್ಲ. ನೀರಿನ ನಡುವೆ ಬೆಂಕಿ ಬಿದ್ದರೆ ಇಳಿದು ಓಡಲಾಗದು ಎಂಬ ಅರಿವು ಆ ನಿಯಮದ ಹಿಂದಿರಬೇಕು.

ಇಷ್ಟು ಹೇಳಿದ ಮೇಲೆ ಫ್ಯೂಸಿನ ಭಕ್ತರಿಗೂ ಒಂದು ಮಾತು. ಫ್ಯೂಸ್ ಹಾಕಿದೆ, ಇನ್ನು ನಿಶ್ಚಿಂತೆ ಎನ್ನುವುದು ಅಷ್ಟೇ ಅರೆಬರೆ ಲೆಕ್ಕ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಿದವರಿಗೆ ಗೊತ್ತು, ಅಲ್ಲಿ ಫ್ಯೂಸ್ ಬೇರೆ, ಓವರ್‌ಲೋಡ್ ರಿಲೇ ಬೇರೆ. ಶಾರ್ಟ್ ಆದರೆ ಫ್ಯೂಸ್, ಮೋಟಾರು ಬಳಲಿ ಕಾದರೆ ರಿಲೇ. ವಿಂಚಿನ ಫ್ಯೂಸ್ ಮಾಡುವುದು ಮೊದಲನೆಯ ಕೆಲಸ ಮಾತ್ರ. 300 ಆಂಪಿಯರಿನಲ್ಲಿ ಹತ್ತು ನಿಮಿಷ ಬಿಡದೆ ಎಳೆದರೆ ಕೇಬಲ್ಲೂ ಮೋಟಾರೂ ಕಾಯುತ್ತವೆ, 400ರ ಫ್ಯೂಸ್ ತುಟಿ ಪಿಟಕ್ಕೆನ್ನುವುದಿಲ್ಲ. ಅಲ್ಲಿ ಕಾಪಾಡುವುದು ಒಂದು ನಿಮಿಷ ಎಳೆದು ಕೆಲವು ನಿಮಿಷ ನಿಲ್ಲಿಸುವ ತಾಳ್ಮೆ. ಉಜ್ಜಿದ ಕೇಬಲ್ ಗಟ್ಟಿಯಾಗಿ ತಾಗದೆ ಆಗಾಗ ಕಿಡಿ ಹಾರಿಸುತ್ತಿದ್ದರೆ ಹರಿಯುವುದು ನೂರಿನ್ನೂರು ಆಂಪಿಯರ್ ಇರಬಹುದು. ಅದೂ ಫ್ಯೂಸಿನ ಕಣ್ಣಿಗೆ ಬೀಳದು.

ಎಲ್ಲಕ್ಕಿಂತ ಕೆಟ್ಟದ್ದು ಸೊಲೆನಾಯ್ಡ್ ಅಂಟಿಕೊಳ್ಳುವುದು. ಬ್ಯಾಟರಿ ಸೋತು ವೋಲ್ಟೇಜು ಕುಸಿದಾಗ ಸೊಲೆನಾಯ್ಡಿನ ಹಿಡಿತ ಸಡಿಲವಾಗಿ ಒಳಗಿನ ತಾಮ್ರದ ಕಾಂಟ್ಯಾಕ್ಟು ಟಕಟಕ ಬಡಿದು, ಕಿಡಿಗೆ ಬೆಸೆದುಕೊಳ್ಳುತ್ತದೆ. ರಿಮೋಟಿನ ಗುಂಡಿ ಬಿಟ್ಟರೂ ಡ್ರಮ್ಮು ತಿರುಗುತ್ತಲೇ ಇರುತ್ತದೆ. ರಿಮೋಟ್ ಕಿತ್ತರೂ ನಿಲ್ಲುವುದಿಲ್ಲ. ಹುಕ್ಕು, ಹಗ್ಗ ಹಾಯುವ ಬಾಯಿಯಾದ ಫೇರ್‌ಲೀಡಿನತ್ತ ಬರುತ್ತಿರುತ್ತದೆ, ಹಗ್ಗ ಸರಿಮಾಡಲು ಯಾರದೋ ಕೈ ಅಲ್ಲಿರುತ್ತದೆ. ಆಗ ಹರಿಯುತ್ತಿರುವುದು ವಿಂಚಿನ ಸಹಜ ಕರೆಂಟೇ ಆದ್ದರಿಂದ ಫ್ಯೂಸ್‌ಗೆ ಇದರಲ್ಲಿ ಏನೂ ತಪ್ಪು ಕಾಣುವುದಿಲ್ಲ. ಸ್ಪ್ಯಾನರ್ ಹುಡುಕಿ ಬ್ಯಾಟರಿ ಟರ್ಮಿನಲ್ ಬಿಚ್ಚುವಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ.

ಇದಕ್ಕೆ ಮದ್ದು ಲಾರಿ ಡ್ರೈವರುಗಳಿಗೆ ಚೆನ್ನಾಗಿ ಗೊತ್ತಿರುವ ಬ್ಯಾಟರಿ ಕಟಾಫ್ ಸ್ವಿಚ್. ವಿಂಚಿನ ದಾರಿಗಷ್ಟೇ ಒಂದು ಪ್ರತ್ಯೇಕ ಕಟಾಫ್ ಇದ್ದು, ಬಳಸುವಾಗ ಮಾತ್ರ ಆನ್ ಮಾಡಿದರೆ, ರಸ್ತೆಯಲ್ಲಿ ಓಡುವಷ್ಟು ಹೊತ್ತೂ ಬಂಪರಿನವರೆಗಿನ ಕೇಬಲ್ ಬರಿಯ ತಾಮ್ರ. ಡಿಕ್ಕಿಯಾದರೂ ಕಿಡಿಯಿಲ್ಲ. ರೇಸಿನ ಗಾಡಿಗಳಿಗೆ ಒಳಗಿನಿಂದಲೂ ಹೊರಗಿನಿಂದಲೂ ಆಫ್ ಮಾಡಬಲ್ಲ ಕಟಾಫ್ ಇರಬೇಕೆಂದು ರೇಸಿಂಗ್ ಸಂಸ್ಥೆ ಎಫ್‌ಐಎ ನಿಯಮ ಮಾಡಿರುವುದೂ ಇಂಥ ಕಾರಣಕ್ಕೇ. ಆದರೆ ಎರಡು ತಪ್ಪುಗಳನ್ನು ಪದೇ ಪದೇ ಕಾಣುತ್ತೇವೆ. ಅಂದಕ್ಕೆಂದು ಸ್ವಿಚ್ಚನ್ನು ಬಂಪರಿನ ಮೇಲೆ, ವಿಂಚಿನ ಪಕ್ಕ ಕೂರಿಸುತ್ತಾರೆ. ಅದರ ಹಿಂದಿನ ಇಡೀ ಕೇಬಲ್ ಎಂದಿನಂತೆ ಬ್ಯಾಟರಿಗೆ ಜೋಡಿಕೊಂಡೇ ಇರುತ್ತದೆ. ಸ್ವಿಚ್ಚಾಗಲಿ ಫ್ಯೂಸಾಗಲಿ, ಬ್ಯಾಟರಿಯಿಂದ ಗೇಣುದ್ದದೊಳಗೆ ಇರದಿದ್ದರೆ ಹಾಕಿಯೂ ಹಾಕದ ಹಾಗೆ. ಎರಡನೆಯದು, ಕೆಂಪು ಕೀಲಿಯ ಅಗ್ಗದ ಸ್ವಿಚ್ಚು. ಅಂಥವುಗಳ ತಾಳಿಕೆ ಸಾಮಾನ್ಯವಾಗಿ ಸತತ 100 ಆಂಪಿಯರ್, ಕೆಲವು ಸೆಕೆಂಡಿಗೆ 500. ವಿಂಚಿಗೆ ಅದು ಸಾಲದು. ಸತತ 250-300 ಹೊರುವ ಸ್ವಿಚ್ ಬೇಕು, ಇಲ್ಲವೇ ಡ್ಯಾಶಿನ ಸಣ್ಣ ಗುಂಡಿಯಿಂದ ನಡೆಯುವ ದೊಡ್ಡ ಕಾಂಟ್ಯಾಕ್ಟರ್. ಎರಡನೆಯ ಬಗೆಯದನ್ನು ವಾರ್ನ್ ಕಂಪನಿಯೇ ಬಿಡಿ ಕಿಟ್ ಆಗಿ ಮಾರುತ್ತದೆ.

ಹಾಗಾದರೆ ಕಟಾಫ್ ಒಂದೇ ಸಾಲದೆ? ಒಂದನ್ನೇ ಆರಿಸು ಎಂದರೆ ನಾನು ಕಟಾಫನ್ನೇ ಆರಿಸುತ್ತೇನೆ. ಆದರೆ ಆಫ್ ಮಾಡಲು ಮರೆಯುವುದು ಮನುಷ್ಯನ ಗುಣ, ಅದೂ ಕೆಸರಿನಿಂದ ಗಾಡಿ ಮೇಲೆ ಬಂದ ಖುಷಿಯಲ್ಲಿ. ಫ್ಯೂಸಿಗೆ ಯಾರ ನೆನಪಿನ ಹಂಗೂ ಇಲ್ಲ. ಆದ್ದರಿಂದ ಎರಡೂ ಬೇಕು.

ಹೊಳೆಯ ನಡುವೆ ಫ್ಯೂಸ್ ಹೋದರೆ ಗತಿಯೇನು ಎಂಬ ಭಯ ಉಳಿಯುತ್ತದೆ. ಕರೆಂಟ್ ಹೋದರೆ ಗಾಡಿ ಹಿಂದಕ್ಕೆ ಜಾರುತ್ತದೆ ಎಂದು ಹಲವರ ನಂಬಿಕೆ. ಆದರೆ ಈ ವಿಂಚುಗಳಲ್ಲಿ ಭಾರ ಹಿಡಿಯುವ ಮೆಕ್ಯಾನಿಕಲ್ ಬ್ರೇಕ್ ಇರುತ್ತದೆ. ಗುಂಡಿ ಬಿಟ್ಟಾಗ ಗಾಡಿಯನ್ನು ಹಿಡಿದು ನಿಲ್ಲಿಸುವುದೂ ಅದೇ. ಒಂದು ಬಿಡಿ ಫ್ಯೂಸು, ಒಂದು ಸ್ಪ್ಯಾನರ್ ಜೊತೆಗಿದ್ದರೆ ಕೆಲಸ ಮುಗಿಯಿತು. ಕೆಟ್ಟ ಫ್ಯೂಸಿನ ಜಾಗಕ್ಕೆ ಬೋಲ್ಟ್ ಕಟ್ಟುವವರಿಗೆ ನನ್ನಲ್ಲಿ ಉತ್ತರವಿಲ್ಲ. ಭಾರೀ ಎಳೆತದಲ್ಲಿ ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿ ಹಗ್ಗವನ್ನು ಮಡಚಿ ತಂದರೆ ವಿಂಚಿನ ಮೇಲಿನ ಭಾರ ಹತ್ತಿರ ಹತ್ತಿರ ಅರ್ಧಕ್ಕಿಳಿದು ಕರೆಂಟೂ ಇಳಿಯುತ್ತದೆ, ಫ್ಯೂಸಿನ ಮಾತೇ ಬರುವುದಿಲ್ಲ.

ಉಳಿದದ್ದು ಕೈಕೆಲಸ. ಮೈನಸ್ ಕೇಬಲ್ಲನ್ನೂ ಅಷ್ಟೇ ದಪ್ಪದ್ದನ್ನು ಬ್ಯಾಟರಿಯವರೆಗೆ ತರಬೇಕು, ಬಂಪರಿನ ಬೋಲ್ಟಿಗೆ ಅರ್ತ್ ಕೊಟ್ಟು ಮುಗಿಸಬಾರದು. ಬ್ಯಾಟರಿ ಮೈನಸ್ಸಿನಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಅದನ್ನು ಸೆನ್ಸರಿನ ಆಚೆ, ಚಾಸಿಯ ಬದಿಗೆ ಜೋಡಿಸಬೇಕು. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ಆಡಿಯೊ ಕೇಬಲ್ ಬೇಡ. ಶಾಖ, ಎಣ್ಣೆ ತಡೆಯುವ ಎಚ್‌ಒಎಫ್‌ಆರ್ ಹೊದಿಕೆಯ ತಾಮ್ರದ ವೆಲ್ಡಿಂಗ್ ಕೇಬಲ್ ಒಳ್ಳೆಯದು. ಕೇಬಲ್ ತುದಿಯ ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಜೋಡಣೆಯಲ್ಲಿ ಒಂದೇ ಒಂದು ಮಿಲಿ ಓಮ್ ಹೆಚ್ಚಾದರೂ 400 ಆಂಪಿಯರಿನಲ್ಲಿ ಆ ಜಾಗದಲ್ಲಿ 160 ವ್ಯಾಟ್ ಶಾಖ ಹುಟ್ಟುತ್ತದೆ. ಆರು ಸೋಲ್ಡರಿಂಗ್ ಐರನ್ನುಗಳನ್ನು ಒಟ್ಟಿಗೆ ಬ್ಯಾಟರಿಗೆ ಒತ್ತಿ ಹಿಡಿದ ಹಾಗೆ.

ವಿಂಚ್ ಮಾರುವ, ಕೂರಿಸುವ ಅಂಗಡಿಯವರಲ್ಲಿ ಒಂದು ಕೋರಿಕೆ. ಗಿರಾಕಿ ಕೇಳಲಿ ಬಿಡಲಿ, ವಿಂಚಿನ ಪೂರ್ಣಭಾರದ ಕರೆಂಟಿಗೆ ಹೊಂದುವ ಫ್ಯೂಸು, ತಾಳಿಕೆಯುಳ್ಳ ಕಟಾಫು, ತೂತಿಗೊಂದು ಗ್ರೊಮೆಟ್ಟು, ಇವಿಷ್ಟನ್ನು ಫಿಟಿಂಗಿನ ಬಿಲ್ಲಿನಲ್ಲೇ ಸೇರಿಸಿ. ವಿಂಚಿಗೆ ಕೊಡುವ ಹಣದ ಮುಂದೆ ಇದು ದೊಡ್ಡ ಮೊತ್ತವಲ್ಲ.