ಆಸಿಡ್ ಬಾಟ್ಲಿ ಒಳಗಿಡಿ

ಕಲಬುರಗಿ ಕಡೆ ಗೃಹಪ್ರವೇಶ ಹತ್ತಿರ ಬಂತೆಂದರೆ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಮೇಸ್ತ್ರಿ ಕ್ಯಾನುಗಟ್ಟಲೆ ಆಸಿಡ್ ತರಿಸಿ ಮೆಟ್ಟಿಲು, ಕಟ್ಟೆ, ಕಾಂಪೌಂಡು ಎಲ್ಲದರ ಮೇಲೂ ಸುರಿಯುತ್ತಾನೆ. ಪೊರಕೆ ಆಡಿಸುತ್ತಿದ್ದಂತೆ ಬುರುಬುರು ನೊರೆ ಏಳುತ್ತದೆ. ‘ನೋಡ್ರಿ ಸಾಹೇಬ್ರ, ಹೊಲಸೆಲ್ಲ ಹ್ಯಾಂಗ ಬಿಡ್ಲಕತ್ತದ!’ ಅನ್ನುತ್ತಾನೆ. ಮನೆಯವರಿಗೂ ಖುಷಿ. ಆದರೆ ಆ ನೊರೆ ಹೊಲಸಿನದಲ್ಲ, ಕಲ್ಲಿನದು.

ಶಹಾಬಾದ್ ಫರಸಿ ಅಂದರೆ ಸುಣ್ಣದ ಕಲ್ಲು. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೋಕ್ಲೋರಿಕ್ ಆಸಿಡ್ ತಾಗಿದ ಕೂಡಲೇ ಅದು ಕರಗಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹಾರಿಹೋಗುತ್ತದೆ. ಉಳಿದದ್ದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ, ಗಾಳಿಯ ತೇವವನ್ನೇ ಹೀರುವ ಉಪ್ಪಾಗಿ ರಂಧ್ರಗಳಲ್ಲಿ ಕೂರುತ್ತದೆ. ಕಲೆ ಹೋದದ್ದು ನಿಜವೇ, ಕಲ್ಲಿನ ಮೇಲ್ಪದರವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಣಗಿದ ಮೇಲೆ ಅಲ್ಲಲ್ಲಿ ಬಿಳಿಚಿಕೊಂಡ, ಕೈಯಾಡಿಸಿದರೆ ತರಿತರಿ ಅನ್ನುವ ಮೈ ಉಳಿಯುತ್ತದೆ. ಅಂಥ ಮೈಗೆ ಮುಂದಿನ ಧೂಳು ಇನ್ನೂ ಬೇಗ ಅಂಟುತ್ತದೆ. ಗ್ರಾನೈಟಿನ ಮೇಲೆ ಹೀಗೆ ನೊರೆ ಬರುವುದಿಲ್ಲ. ಹಾಗಾಗಿ ಗ್ರಾನೈಟಿಗೆ ನಡೆದದ್ದು ಫರಸಿಗೂ ನಡೆದೀತು ಅಂದುಕೊಳ್ಳಬೇಡಿ. ಚಾಕುವಿನ ತುದಿಗೆ ಸುಲಭವಾಗಿ ಗೀರು ಬೀಳುವ ಮೆತ್ತನೆಯ ಕಲ್ಲಿದು. ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರಿರುವ ಶಿಲ್ಪವೂ ಸೇರಿ ಅಷ್ಟೊಂದು ನಯವಾದ ಕೆತ್ತನೆ ಸಾಧ್ಯವಾದದ್ದು ಸುಣ್ಣದ ಕಲ್ಲಿನಲ್ಲೇ. ಉಳಿಗೆ ಒಲಿಯುವ ಕಲ್ಲು ತಂತಿ ಬ್ರಷ್ಷಿಗೂ ಸೋಲುತ್ತದೆ.

ಕಲೆ ತೆಗೆಯುವವರು ಮೊದಲು ಅದು ಎಲ್ಲಿ ಕುಳಿತಿದೆ ಅನ್ನುವುದನ್ನು ನೋಡಬೇಕು. ಗೋಡೆಯ ಮೇಲೆ ಕಪ್ಪು ಇದೆ ಅನ್ನಿ. ತಾರಸಿ ಪೈಪಿನ ಕೆಳಗೆ, ಮಳೆ ನೀರು ಇಳಿಯುವ ದಾರಿಯಲ್ಲೇ ಕಪ್ಪು ಪಟ್ಟೆ ಎದ್ದಿದ್ದರೆ ಅದು ಬಹುತೇಕ ಪಾಚಿ, ಬೂಷ್ಟು, ಒಣಗಿ ಸತ್ತ ಹಾವಸೆ. ಅದಕ್ಕೆ ನೀರೇ ಆಹಾರ. ಇನ್ನು ಕಪ್ಪು ಕುಳಿತಿರುವುದು ಮಳೆ ತಾಗದ ಸಜ್ಜಾದ ಅಡಿಯಲ್ಲಿ, ಕೆತ್ತನೆಯ ಸಂದಿನಲ್ಲಿ ಆದರೆ ಕಥೆಯೇ ಬೇರೆ. ಅಲ್ಲಿರುವುದು ಹೊಗೆ.

ಈ ಎರಡನೆಯ ಕಪ್ಪನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟ ಊರು ಲಂಡನ್. ಅಲ್ಲಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಪೋರ್ಟ್‌ಲ್ಯಾಂಡ್ ಎಂಬ ಸುಣ್ಣದ ಕಲ್ಲಿನದು. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಆಮ್ಲ ತಾಗಿ ಇಂಥ ಕಲ್ಲಿನ ಮೈ ಜಿಪ್ಸಂ ಆಗುತ್ತದೆ, ಆ ಜಿಪ್ಸಂ ಹೆಪ್ಪುಗಟ್ಟುತ್ತಾ ಮಸಿಯನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಮಳೆ ಬಡಿಯುವ ಕಡೆ ತೊಳೆದುಹೋಗಿ ಬಿಳಿ, ಮಳೆ ಸೋಕದ ಕಡೆ ಕಪ್ಪು ಹೊರಪು. 1952ರ ಭೀಕರ ಹೊಗೆಮಂಜು, ಅದರ ಬೆನ್ನಿಗೆ ಬಂದ 1956ರ ಶುದ್ಧ ಗಾಳಿ ಕಾಯ್ದೆ ಆದಮೇಲೆ ಅಲ್ಲಿ ಕಟ್ಟಡ ತೊಳೆಯುವುದಕ್ಕೆ ಅರ್ಥ ಬಂತು. ಹೊಗೆ ನಿಲ್ಲದೆ ತೊಳೆದರೆ ಮತ್ತೆ ಅದೇ ಕಪ್ಪು. ಹೊರಪು ಬಿಡಿಸಲು ಆಸಿಡ್ ಬೇಕಿಲ್ಲ. ಸುಣ್ಣದ ಕಲ್ಲಿಗಿಂತ ಜಿಪ್ಸಂ ನೀರಿನಲ್ಲಿ ಎಷ್ಟೋ ಪಾಲು ಹೆಚ್ಚು ಕರಗುತ್ತದೆ, ಒಂದು ಲೀಟರಿಗೆ ಸುಮಾರು 2 ಗ್ರಾಂಗೂ ಮಿಕ್ಕಿ. ಅದಕ್ಕೇ ಮಂಜಿನಂಥ ಸಣ್ಣ ಹನಿಯನ್ನು ಗಂಟೆಗಟ್ಟಲೆ ಸಿಂಪಡಿಸಿ, ಹೊರಪು ಮೆತ್ತಗಾದ ಮೇಲೆ ನಾರಿನ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜುತ್ತಾರೆ. ಅತಿಯಾದರೆ ನೀರೂ ಒಳ್ಳೆಯದಲ್ಲ: ಒಳಗಿಳಿದ ನೀರು ಕಬ್ಬಿಣದ ಕೊಂಡಿಗಳಿಗೆ ತುಕ್ಕು ಹಿಡಿಸಿ, ಹೊರಗೆ ಹೊಸ ಕಂದು ಕಲೆ ಮೂಡಿಸುತ್ತದೆ. ಕಾರು ತೊಳೆಯುವ ಪ್ರೆಷರ್ ಯಂತ್ರವನ್ನು ಹಳೆ ಗೋಡೆಗೆ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಕಡೆ ಹೆಚ್ಚು ಕಾಡುವುದು ತುಕ್ಕು. ಕಿಟಕಿಯ ಸರಳು, ಗೇಟಿನ ಕೀಲು, ತುಳಸಿಕಟ್ಟೆಯ ಮೇಲೆ ಮರೆತುಬಿಟ್ಟ ಬಕೆಟ್ಟು, ಎಲ್ಲದರಿಂದಲೂ ಮಳೆಗಾಲ ಮುಗಿಯುವಷ್ಟರಲ್ಲಿ ಬೂದು ಫರಸಿಯ ಮೇಲೆ ಕೆಂಗಂದು ನಾಲಗೆಗಳು ಇಳಿದಿರುತ್ತವೆ. ನಿಂಬೆಹಣ್ಣು ಉಜ್ಜಿ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನಿಂಬೆಯೂ ಆಮ್ಲವೇ, ಆಸಿಡ್ಡಿನ ಚಿಕ್ಕ ತಮ್ಮ. ಬೇಕಾದದ್ದು ಸೋಡಿಯಂ ಸಿಟ್ರೇಟ್, ಅದು ಕಬ್ಬಿಣವನ್ನು ಹಿಡಿದುಕೊಳ್ಳುವ ಲವಣ. ಒಂದು ಪಾಲು ಸಿಟ್ರೇಟನ್ನು ಆರು ಪಾಲು ನೀರಲ್ಲಿ ಕದಡಿ, ಅದಕ್ಕೆ ಅಷ್ಟೇ ಗ್ಲಿಸರಿನ್ ಬೆರೆಸಿ, ಚಾಕ್ ಪುಡಿ ಸೇರಿಸುತ್ತಾ ರೊಟ್ಟಿ ಹಿಟ್ಟಿಗಿಂತ ತುಸು ಸಡಿಲವಾಗಿ ಕಲಸಬೇಕು. ಇಲ್ಲಿ ಮುಲ್ತಾನಿ ಮಿಟ್ಟಿ ಬೇಡ, ಅದರಲ್ಲೇ ಕಬ್ಬಿಣದ ಅಂಶ ಇರುತ್ತದೆ.

ಮೆತ್ತುವ ಮುಂಚೆ ಕಲ್ಲಿಗೆ ಸಾದಾ ನೀರು ಕುಡಿಸಿ. ಹೊಟ್ಟೆ ತುಂಬಿದ ಕಲ್ಲು ಔಷಧವನ್ನು, ಅದರ ಜೊತೆ ತುಕ್ಕನ್ನು, ಇನ್ನೂ ಆಳಕ್ಕೆ ಎಳೆದುಕೊಳ್ಳುವುದಿಲ್ಲ. ಕಲೆಯ ಅಂಚು ದಾಟಿ, ಬೆರಳು ದಪ್ಪ ಲೇಪ ಹಾಕಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಸುತ್ತ ಟೇಪ್ ಅಂಟಿಸಿ ಎರಡು ಮೂರು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಡಬೇಕು. ಹೊರಮೈ ಒಣಗುತ್ತಾ ಬಂದಂತೆ ಒಳಗಿನ ತೇವ ಲೇಪದ ಕಡೆಗೆ ಏರುತ್ತದೆ, ಕರಗಿದ ಕಬ್ಬಿಣವೂ ಅದರ ಜೊತೆ ಹೊರಗೆ ಬರುತ್ತದೆ. ಬಿಳಿ ಲೇಪದ ಮೇಲೆ ಹಳದಿ ಛಾಯೆ ಮೂಡಿದರೆ ಕೆಲಸ ನಡೆಯುತ್ತಿದೆ ಎಂದರ್ಥ. ಮರದ ಸೌಟಿನ ಹಿಡಿಯಿಂದ ಬಿಡಿಸಿ, ತೊಳೆದು, ಮತ್ತೆ ಹಾಕಿ. ಒಂದೇ ಸಲಕ್ಕೆ ಹೋಗುವ ತುಕ್ಕನ್ನು ನಾನು ಕಂಡಿಲ್ಲ. ಬಿರುಬೇಸಗೆಯಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ, ನಮ್ಮ ಬಿಸಿಲಿಗೆ ಲೇಪ ಮಧ್ಯಾಹ್ನದೊಳಗೇ ಬಿರುಕು ಬಿಟ್ಟು ಉದುರುತ್ತದೆ. ದೀಪಾವಳಿ ಕಳೆದ ಮೇಲಿನ ತಂಪು ದಿನಗಳು ಸರಿ.

ದೀಪಾವಳಿ ಅಂದಮೇಲೆ ಕಾಂಪೌಂಡಿನ ಮೇಲೆ ಸಾಲು ದೀಪ ಇಟ್ಟ ಎಣ್ಣೆ ಕಲೆ ಇದ್ದೇ ಇರುತ್ತದೆ. ಅದಕ್ಕೆ ಮುಲ್ತಾನಿ ಮಿಟ್ಟಿಯನ್ನು ಟರ್ಪೆಂಟೈನಿನಲ್ಲಿ ಕಲಸಿ ಇದೇ ರೀತಿ ಮೆತ್ತಿದರಾಯಿತು, ಹತ್ತಿರ ಬೆಂಕಿ ಇರಬಾರದು ಅಷ್ಟೆ. ಎಲೆಯಡಿಕೆ ಉಗುಳಿನ ಕೆಂಪಿಗೆ ಹೈಡ್ರೋಜನ್ ಪೆರಾಕ್ಸೈಡಿನ ಲೇಪ. ಆ ಕೆಂಪು ಅಷ್ಟು ಗಾಢವಾಗಲು ಎಲೆಗೆ ಹಚ್ಚಿದ ಸುಣ್ಣವೇ ಕಾರಣ, ಸುಣ್ಣವೋ ಸುಟ್ಟ ಸುಣ್ಣದ ಕಲ್ಲಿನದೇ. ಗೋಡೆಗೆ ಬಳಗದವರೇ ಬಂದು ಉಗುಳಿದಂತೆ! ಪಾಚಿಗೆ ಮೊದಲು ಪೈಪು ರಿಪೇರಿ, ಗೋಡೆ ಒಣಗಿದ ಮೇಲೆ ಮರದ ಚಕ್ಕೆ, ತೆಂಗಿನ ನಾರಿನ ಬ್ರಷ್ಷು. ಬ್ಲೀಚಿಂಗ್ ಸುರಿದರೆ ಉಪ್ಪು ಉಳಿಯುತ್ತದೆ. ತಂತಿ ಬ್ರಷ್ಷು ಹಿಡಿದರೆ ಮುರಿದ ಉಕ್ಕಿನ ಎಳೆಗಳು ಕಲ್ಲಿನಲ್ಲೇ ಸಿಕ್ಕಿ, ಮೊದಲ ಮಳೆಗೇ ನೂರಾರು ತುಕ್ಕಿನ ಚುಕ್ಕೆ ಬಿಡುತ್ತವೆ.

ಇಷ್ಟೆಲ್ಲ ಆದಮೇಲೆ ಪೇಂಟ್ ಅಂಗಡಿಯವರು ‘ಮೇಲೊಂದು ಕೋಟ್ ವಾರ್ನಿಶ್ ಹೊಡೀರಿ, ಫಳಫಳ ಅಂತದ’ ಅನ್ನುತ್ತಾರೆ. ಫಳಫಳ ಅನ್ನುವುದು ಹೌದು. ಆದರೆ ಬುನಾದಿಯಿಂದ ಏರುವ ತೇವಕ್ಕೆ ಹೊರಬರುವ ದಾರಿ ಮುಚ್ಚಿ, ಉಪ್ಪು ಆ ಪದರದ ಹಿಂದೆ ಹರಳುಗಟ್ಟಿ, ಫರಸಿ ಹಪ್ಪಳದಂತೆ ಎದ್ದು ಬರಬಹುದು. ಆ ದುಡ್ಡಿನಲ್ಲಿ ಕಿಟಕಿಯ ಸರಳಿಗೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿ.